ಮಕ್ಕಳ ಕೊರಳಿಗೆ ದೊಡ್ಡವರ ಹಾಡು: ಅಳತೆ ಯಾರದು?

2001ರಲ್ಲಿ ಅಮೆರಿಕದ ಮಾರುಕಟ್ಟೆಗೆ ಮಕ್ಕಳ ಕಂಠದ ಎರಡು ಧ್ವನಿಮುದ್ರಿಕೆಗಳು ಬಂದವು. ಒಂದು, ನ್ಯೂಯಾರ್ಕಿನ ರೇಜರ್ ಅಂಡ್ ಟೈ ಸಂಸ್ಥೆ ಹೊರತಂದ ‘ಕಿಡ್ಜ್ ಬಾಪ್’. ಇನ್ನೊಂದು, ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಲ್ಯಾಂಗ್ಲಿಯ ಶಾಲಾ ಮಕ್ಕಳು 1976-77ರಲ್ಲಿ ಹಾಡಿ, ನಂತರ ಕಾಲು ಶತಮಾನ ಹೊರಜಗತ್ತಿನ ಕಿವಿಗೆ ಬೀಳದೆ ಉಳಿದಿದ್ದ ‘ಇನ್ನೊಸೆನ್ಸ್ ಅಂಡ್ ಡಿಸ್ಪೇರ್’. ಎರಡರಲ್ಲೂ ಇದ್ದದ್ದು ದೊಡ್ಡವರು ದೊಡ್ಡವರಿಗಾಗಿ ಬರೆದು, ಜನಪ್ರಿಯತೆಯ ಪಟ್ಟಿಯಲ್ಲಿ ಮೇಲೇರಿದ್ದ ಹಾಡುಗಳು. ಮೊದಲನೆಯದು ಕೋಟಿಗಳ ವ್ಯಾಪಾರವಾಗಿ ಬೆಳೆಯಿತು. ಎರಡನೆಯದು ಸಂಗೀತಾಸಕ್ತರ ನಡುವೆ ಅಚ್ಚರಿಯ ವಸ್ತುವಾಗಿ ಉಳಿಯಿತು.

ಮಕ್ಕಳು ದೊಡ್ಡವರ ಹಾಡುಗಳನ್ನು ಹಾಡಬಹುದೇ ಎಂಬ ಚರ್ಚೆ ಎಲ್ಲ ದೇಶಗಳಲ್ಲೂ ಸಾಮಾನ್ಯವಾಗಿ ಪದಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಹಾಡಿನಲ್ಲಿ ಅಶ್ಲೀಲವಿದೆಯೇ, ಮದ್ಯದ ಉಲ್ಲೇಖವಿದೆಯೇ, ಪ್ರಣಯದ ಬಣ್ಣನೆ ಅತಿಯಾಯಿತೇ ಎಂಬಷ್ಟಕ್ಕೆ ವಾದ ಮುಗಿದುಹೋಗುತ್ತದೆ. ಆದರೆ ಈ ಎರಡು ಮುದ್ರಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅದಕ್ಕಿಂತ ಮೂಲಭೂತವಾದ ಪ್ರಶ್ನೆಯೊಂದು ಎದುರಾಗುತ್ತದೆ. ಹಾಡನ್ನು ಮಗುವಿನ ಅಳತೆಗೆ ಹೊಂದಿಸಲಾಗುತ್ತಿದೆಯೇ, ಅಥವಾ ಮಗುವನ್ನು ಹಾಡಿನ ಅಳತೆಗೆ ಕತ್ತರಿಸಲಾಗುತ್ತಿದೆಯೇ? ವಾರಾಂತ್ಯದ ರಾತ್ರಿ ಕಿರುತೆರೆಯ ಮುಂದೆ ಕುಳಿತು ಎಂಟು-ಹತ್ತು ವರ್ಷದ ಮಕ್ಕಳ ಗಾಯನ ಸ್ಪರ್ಧೆ ನೋಡುವ ಕರ್ನಾಟಕದ ಮನೆಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.

ಭಯದಿಂದ ಹುಟ್ಟಿದ ಮಾರುಕಟ್ಟೆ

ಕಿಡ್ಜ್ ಬಾಪ್‌ನ ಯಶಸ್ಸನ್ನು ಅರಿಯಲು ಅದರ ಹಿಂದಿನ ಒಂದೂವರೆ ದಶಕದ ಅಮೆರಿಕವನ್ನು ಗಮನಿಸಬೇಕು. 1985ರಲ್ಲಿ ವಾಷಿಂಗ್ಟನ್‌ನ ಪ್ರಭಾವಿ ಕುಟುಂಬಗಳ ಮಹಿಳೆಯರು ಸೇರಿ ಸಂಗೀತದಲ್ಲಿನ ಅಶ್ಲೀಲತೆ ಮತ್ತು ಹಿಂಸೆಯ ವಿರುದ್ಧ ಸಂಘಟನೆಯೊಂದನ್ನು ಕಟ್ಟಿದರು. ಅವರಲ್ಲಿ ಪ್ರಮುಖರಾದ ಟಿಪ್ಪರ್ ಗೋರ್, ಮುಂದೆ ಉಪಾಧ್ಯಕ್ಷರಾದ ಅಲ್ ಗೋರ್ ಅವರ ಪತ್ನಿ. ತಮ್ಮ ಮಗಳು ಕೇಳುತ್ತಿದ್ದ ಪ್ರಿನ್ಸ್‌ನ ಹಾಡೊಂದು ಅವರನ್ನು ಬೆಚ್ಚಿಬೀಳಿಸಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಪೋಷಕರನ್ನು ಎಚ್ಚರಿಸುವ ಚೀಟಿ ಧ್ವನಿಮುದ್ರಿಕೆಗಳ ಮೇಲೆ ಬಂದದ್ದು ಈ ಒತ್ತಡದ ಫಲ. 2000ದ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಫೆಡರಲ್ ವ್ಯಾಪಾರ ಆಯೋಗವು ಹಿಂಸಾತ್ಮಕ ಮನರಂಜನೆಯನ್ನು ಮಕ್ಕಳಿಗೆ ಮಾರಲಾಗುತ್ತಿದೆ ಎಂದು ವರದಿ ನೀಡಿತು. ಅದರಲ್ಲಿ ಚಲನಚಿತ್ರ, ವಿಡಿಯೊ ಆಟಗಳ ಜೊತೆಗೆ ಸಂಗೀತವೂ ಸೇರಿತ್ತು.

ಎಚ್ಚರಿಕೆಯ ಚೀಟಿ ಪೋಷಕರಿಗೆ ಯಾವುದನ್ನು ಕೊಳ್ಳಬಾರದು ಎಂದು ಹೇಳಿತು. ಯಾವುದನ್ನು ಕೊಳ್ಳಬೇಕು ಎಂದು ಹೇಳಲಿಲ್ಲ. ಈ ತೆರವನ್ನು ಕಂಡುಕೊಂಡವರು ರೇಜರ್ ಅಂಡ್ ಟೈ ಸಂಸ್ಥೆಯ ಸ್ಥಾಪಕರಾದ ಕ್ರೇಗ್ ಬಾಲ್ಸಮ್ ಮತ್ತು ಕ್ಲಿಫ್ ಚೆನ್‌ಫೆಲ್ಡ್. ಇಬ್ಬರೂ ವಕೀಲಿಕೆ ಬಿಟ್ಟು ಸಂಗೀತ ವ್ಯಾಪಾರಕ್ಕೆ ಇಳಿದವರು. ಹಳೆಯ ಹಾಡುಗಳ ಸಂಕಲನಗಳನ್ನು ಟಿವಿ ಜಾಹೀರಾತಿನ ಮೂಲಕ ನೇರವಾಗಿ ಗ್ರಾಹಕರಿಗೆ ಮಾರುವುದರಲ್ಲಿ ಪಳಗಿದವರು. ಅಂದಂದಿನ ಜನಪ್ರಿಯ ಗೀತೆಗಳನ್ನು, ಮುಜುಗರದ ಪದಗಳನ್ನು ತೆಗೆದು, ಮಕ್ಕಳ ದನಿಯಲ್ಲಿ ಹಾಡಿಸಿ ಮಾರಿದರೆ ಹೇಗೆ ಎಂಬುದು ಅವರ ಯೋಚನೆ. ಅದು ಫಲಿಸಿತು. 2006ರಲ್ಲಿ ಈ ಸರಣಿಯ ಒಂಬತ್ತನೇ ಕಂತು ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಇದುವರೆಗೆ ಸರಣಿಯ 20ಕ್ಕೂ ಹೆಚ್ಚು ಕಂತುಗಳು ಮೊದಲ ಹತ್ತರೊಳಗೆ ಸ್ಥಾನ ಪಡೆದಿವೆ. ಎರಡು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ ಎಂಬುದು ಸಂಸ್ಥೆಯ ಲೆಕ್ಕ. 2017ರಲ್ಲಿ ಬ್ರಿಟನ್ನಿನ ಮಕ್ಕಳ ತಂಡವೂ ಹುಟ್ಟಿಕೊಂಡಿತು. 2018ರಲ್ಲಿ ಇಡೀ ವ್ಯವಹಾರ ಕಾನ್‌ಕಾರ್ಡ್ ಎಂಬ ದೊಡ್ಡ ಸಂಗೀತ ಸಂಸ್ಥೆಯ ಪಾಲಾಯಿತು.

ಈ ವ್ಯಾಪಾರಕ್ಕೆ ಕಾನೂನಿನ ಬೆಂಬಲವೂ ಇದೆ. ಅಮೆರಿಕದ ಕೃತಿಸ್ವಾಮ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ, ಒಮ್ಮೆ ಬಿಡುಗಡೆಯಾದ ಹಾಡನ್ನು ಬೇರೆ ಯಾರು ಬೇಕಾದರೂ ಮತ್ತೆ ಹಾಡಿ ಮುದ್ರಿಸಬಹುದು. ಅದಕ್ಕೆ ಮೂಲ ಗಾಯಕನ ಒಪ್ಪಿಗೆ ಬೇಕಿಲ್ಲ. ಗೀತರಚನೆಯ ಹಕ್ಕುದಾರರಿಗೆ ನಿಗದಿತ ಗೌರವಧನ ಸಂದರೆ ಸಾಕು. ಆ ದರ 2006ರಿಂದ 2022ರವರೆಗೆ ಪ್ರತಿಯೊಂದಕ್ಕೆ 9.1 ಸೆಂಟ್ ಇದ್ದು, 2023ರಲ್ಲಿ 12 ಸೆಂಟ್‌ಗೆ ಏರಿತು. ಆದರೆ ಹಾಡಿನ ಮೂಲ ಸ್ವರೂಪವನ್ನು ಬದಲಿಸುವ ಅಧಿಕಾರವನ್ನು ಈ ಕಲಮು ಕೊಡುವುದಿಲ್ಲ. ಆದ್ದರಿಂದ ಪದಗಳನ್ನು ತಿದ್ದಬೇಕಾದಾಗ ಹಕ್ಕುದಾರರ ಅನುಮತಿ ಅನಿವಾರ್ಯ. ಬಹುತೇಕರು ಒಪ್ಪುತ್ತಾರೆ. ಮಕ್ಕಳ ಮಾರುಕಟ್ಟೆಯೆಂಬುದು ಅವರಿಗೂ ಎರಡನೇ ಬೆಳೆ.

ತೊಳೆದದ್ದು ಏನು?

ಪದಗಳನ್ನು ತೊಳೆಯುವ ಈ ಕೆಲಸ ಮೇಲ್ನೋಟಕ್ಕೆ ಸರಳ. ಬೈಗುಳ ಹೋಗಲಿ, ಮದ್ಯದ ಬದಲು ಮತ್ತೇನಾದರೂ ಬರಲಿ, ಹಾಸಿಗೆಯ ಬದಲು ನೃತ್ಯದ ಅಂಗಳ ಬರಲಿ. ಯಾವ ತಾಯಿತಂದೆಯೂ ಇದಕ್ಕೆ ತಕರಾರು ತೆಗೆಯಲಾರರು. ಆದರೆ ತೊಳೆಯುವ ಕೈಗೆ ಎಲ್ಲಿ ನಿಲ್ಲಬೇಕೆಂಬುದು ಗೊತ್ತಿರಬೇಕು. 2011ರಲ್ಲಿ ಲೇಡಿ ಗಾಗಾ ಅವರ ‘ಬಾರ್ನ್ ದಿಸ್ ವೇ’ ಹಾಡಿನ ಮಕ್ಕಳ ಆವೃತ್ತಿ ಬಂದಾಗ ಈ ಅಂಶ ಬಯಲಾಯಿತು. ವರ್ಣ, ಜನಾಂಗ, ಲೈಂಗಿಕ ಒಲವು ಏನೇ ಇದ್ದರೂ ಹುಟ್ಟಿದಂತೆಯೇ ಮನುಷ್ಯ ಪರಿಪೂರ್ಣ ಎಂಬುದು ಮೂಲ ಹಾಡಿನ ಸಂದೇಶ. ಮಕ್ಕಳ ಆವೃತ್ತಿಯಲ್ಲಿ ಈ ಭೇದಗಳನ್ನು ಹೆಸರಿಸುವ ಭಾಗವೇ ಇರಲಿಲ್ಲ. ಆ ಭಾಗದಲ್ಲಿ ಬೈಗುಳವಾಗಲಿ ಅಶ್ಲೀಲವಾಗಲಿ ಇರಲಿಲ್ಲ. ಇದ್ದದ್ದು, ಕೆಲವು ಗ್ರಾಹಕರಿಗೆ ಇರುಸುಮುರುಸಾಗಬಹುದಾದ ಒಂದು ಮಾತು.

ಮಗುವಿಗೆ ಹಾನಿಯಾಗುವುದನ್ನು ತೆಗೆಯುವುದು ಒಂದು ಕೆಲಸ. ಕೊಳ್ಳುವವರಿಗೆ ಕಿರಿಕಿರಿಯಾಗುವುದನ್ನು ತೆಗೆಯುವುದು ಇನ್ನೊಂದು. ಎರಡನ್ನೂ ಒಂದೇ ಕತ್ತರಿಯಲ್ಲಿ ಮಾಡಿದಾಗ ಮಕ್ಕಳ ರಕ್ಷಣೆಯ ಹೆಸರಿನಲ್ಲಿ ಮಾರುಕಟ್ಟೆಯ ರಕ್ಷಣೆ ನಡೆಯುತ್ತದೆ. ಪ್ರಣಯಗೀತೆಯ ಒಂದೆರಡು ಪದ ಬದಲಾದರೂ ಅದು ಪ್ರಣಯಗೀತೆಯಾಗಿಯೇ ಉಳಿಯುತ್ತದೆ. ಅದರ ನಿಟ್ಟುಸಿರು, ಅದರ ತಾಳ, ಅದರ ಹಂಬಲ ಎಲ್ಲವೂ ಹಾಗೆಯೇ ಇರುತ್ತವೆ. ಎಂಟರ ಹುಡುಗಿ ವಿರಹದ ಹಾಡನ್ನು ಶುದ್ಧ ಪದಗಳಲ್ಲಿ ಹಾಡಿದರೂ ವಿರಹ ಅವಳದಾಗುವುದಿಲ್ಲ.

ಇನ್ನೂ ಮುಖ್ಯವಾದ ಸಂಗತಿ ದನಿಯದು. ಸರಣಿಯ ಆರಂಭದ ಕಂತುಗಳಲ್ಲಿ ಮುಖ್ಯ ದನಿ ಬಹುಪಾಲು ವಯಸ್ಕರದೇ ಆಗಿತ್ತು. ಮಕ್ಕಳು ಪಲ್ಲವಿಗೆ ದನಿಗೂಡಿಸುತ್ತಿದ್ದರು. ಮುಂದೆ ಆಯ್ದ ನಾಲ್ಕಾರು ಮಕ್ಕಳ ತಂಡ ಮುಂಚೂಣಿಗೆ ಬಂದಿತು. ಆದರೆ ಹಾಡುಗಳ ಚೌಕಟ್ಟು ಬದಲಾಗಲಿಲ್ಲ. ಮೂಲ ಹಾಡಿನ ವೇಗ, ವಾದ್ಯಗಳ ಗದ್ದಲ, ಶೈಲಿ ಎಲ್ಲವನ್ನೂ ಆದಷ್ಟು ಹಾಗೆಯೇ ನಕಲು ಮಾಡಿ, ಅದರ ಮೇಲೆ ಮಕ್ಕಳ ದನಿಯನ್ನು ಕೂರಿಸಲಾಗುತ್ತದೆ. 1997ರಲ್ಲಿ ಮಾರುಕಟ್ಟೆಗೆ ಬಂದ ಆಟೊಟ್ಯೂನ್‌ನಂತಹ ಶ್ರುತಿ ತಿದ್ದುವ ತಂತ್ರಾಂಶಗಳು ಇಂದು ಜನಪ್ರಿಯ ಸಂಗೀತದ ಸ್ಟುಡಿಯೊಗಳಲ್ಲಿ ಮಾಮೂಲು ಉಪಕರಣ. ಮಗುವಿನ ದನಿಯಲ್ಲಿ ಸಹಜವಾಗಿರುವ ಅಲುಗಾಟ, ಉಸಿರು ಸಾಲದೆ ಸಾಲು ತುಂಡಾಗುವ ರೀತಿ, ಅಕ್ಕಪಕ್ಕದ ದನಿಗಳ ನಡುವಿನ ವ್ಯತ್ಯಾಸ ಇವೆಲ್ಲ ಅಂತಹ ನುಣುಪಿನಲ್ಲಿ ದೋಷಗಳೆನಿಸಿಕೊಳ್ಳುತ್ತವೆ. ತಂಡದ ಮಕ್ಕಳು ಬೆಳೆದು ದನಿ ಒಡೆಯುವ ವಯಸ್ಸಿಗೆ ಬಂದಾಗ ಹೊಸ ಮಕ್ಕಳು ಆ ಜಾಗಕ್ಕೆ ಬರುತ್ತಾರೆ. ತಂಡದ ಹೆಸರು ಹಳತಾಗುವುದಿಲ್ಲ, ಮಕ್ಕಳು ಮಾತ್ರ ಹಳಬರಾಗುತ್ತಾರೆ.

ಇದರ ಸಮರ್ಥಕರ ವಾದವನ್ನೂ ಅಲಕ್ಷಿಸುವಂತಿಲ್ಲ. ಮಕ್ಕಳು ಈ ಹಾಡುಗಳನ್ನು ಹೇಗೂ ಕೇಳುತ್ತಾರೆ. ಶಾಲೆಯ ಬಸ್ಸಿನಲ್ಲಿ, ಅಂಗಡಿಯಲ್ಲಿ, ಅಣ್ಣ-ಅಕ್ಕಂದಿರ ಮೊಬೈಲಿನಲ್ಲಿ ಕಿವಿಗೆ ಬೀಳುವುದನ್ನು ತಡೆಯಲಾಗದು. ಹಾಗಿರುವಾಗ ಇಡೀ ಕುಟುಂಬ ಕಾರಿನಲ್ಲಿ ಕುಳಿತು ಮುಜುಗರವಿಲ್ಲದೆ ಕೇಳಬಹುದಾದ ಆವೃತ್ತಿಯೊಂದು ಇದ್ದರೆ ತಪ್ಪೇನು ಎಂಬುದು ಅವರ ಪ್ರಶ್ನೆ. ತಪ್ಪಿಲ್ಲ. ಕೇಳುವ ಮಗುವಿನ ಮಟ್ಟಿಗೆ ಈ ಉತ್ತರ ಬಹುಮಟ್ಟಿಗೆ ಸರಿ. ಹಾಡುವ ಮಗುವಿನ ವಿಷಯದಲ್ಲಿ ಮಾತ್ರ ಅದು ಏನನ್ನೂ ಹೇಳುವುದಿಲ್ಲ.

ವ್ಯಾಯಾಮಶಾಲೆಯ ಹಾಡು

ಲ್ಯಾಂಗ್ಲಿಯ ಮಕ್ಕಳ ಕಥೆ ಇದಕ್ಕೆ ಪೂರ್ಣ ಭಿನ್ನ. ಹ್ಯಾನ್ಸ್ ಫೆಂಗರ್ ಎಂಬ ಯುವ ಸಂಗೀತ ಶಿಕ್ಷಕ ಅಲ್ಲಿನ ಗ್ರಾಮೀಣ ಶಾಲೆಗಳಿಗೆ ಬಂದಾಗ ಮಕ್ಕಳ ಪಠ್ಯದಲ್ಲಿದ್ದ ‘ಮುದ್ದು’ ಹಾಡುಗಳನ್ನು ಕಲಿಸುವ ಉತ್ಸಾಹ ಅವರಿಗಿರಲಿಲ್ಲ. ಮಕ್ಕಳಿಗೂ ಇರಲಿಲ್ಲ. ಹೀಗಾಗಿ ಬೀಚ್ ಬಾಯ್ಸ್, ಪಾಲ್ ಮೆಕಾರ್ಟ್ನಿ, ಡೇವಿಡ್ ಬೋವಿ, ಈಗಲ್ಸ್ ಮೊದಲಾದವರ ಹಾಡುಗಳನ್ನು ಅವರು ಕಲಿಸತೊಡಗಿದರು. ಮಕ್ಕಳು ಬಾರಿಸಬಲ್ಲ ಶಾಲಾ ವಾದ್ಯಗಳನ್ನು ಬಳಸಿ, ಅವರ ಕೈಗೆ ಎಟುಕುವಂತೆ ವಾದ್ಯಸಂಯೋಜನೆ ಮಾಡಿದರು. ಶಾಲೆಯ ವ್ಯಾಯಾಮಶಾಲೆಯಲ್ಲಿ ಸಾಧಾರಣ ಉಪಕರಣಗಳಿಂದ ಮುದ್ರಿಸಿಕೊಂಡು, ಮಕ್ಕಳಿಗೂ ಅವರ ಮನೆಯವರಿಗೂ ಹಂಚಲು ಕೆಲವೇ ಪ್ರತಿಗಳನ್ನು ಅಚ್ಚು ಹಾಕಿಸಿದರು. ಕಥೆ ಅಲ್ಲಿಗೇ ಮುಗಿದಿತ್ತು.

ಹಳೆಯ ವಸ್ತುಗಳ ಅಂಗಡಿಯಲ್ಲಿ ಸಂಗ್ರಾಹಕರೊಬ್ಬರ ಕೈಗೆ ಈ ತಟ್ಟೆ ಸಿಕ್ಕಿ, ಅಲ್ಲಿಂದ ಅಮೆರಿಕದ ರೇಡಿಯೊ ನಿರೂಪಕ ಇರ್ವಿನ್ ಚುಸಿಡ್ ಅವರಿಗೆ ತಲುಪಿ, 2001ರಲ್ಲಿ ಮರುಬಿಡುಗಡೆಯಾಯಿತು. ಕೇಳಿದವರು ಬೆರಗಾದರು. ಬೋವಿ ಸ್ವತಃ ಮೆಚ್ಚಿಕೊಂಡರು. ಬಾಹ್ಯಾಕಾಶದಲ್ಲಿ ಕಳೆದುಹೋದ ಯಾತ್ರಿಕನನ್ನು ಕುರಿತ ಅವರ ಹಾಡನ್ನು ಅರವತ್ತಕ್ಕೂ ಮಿಕ್ಕಿದ ಮಕ್ಕಳ ದನಿ ಪ್ರತಿಧ್ವನಿಸುವ ಖಾಲಿ ಕೋಣೆಯಲ್ಲಿ ಹಾಡುವಾಗ, ಆ ಒಂಟಿತನ ಬೇರೆಯೇ ಬಗೆಯಲ್ಲಿ ತಟ್ಟುತ್ತದೆ. ತಾಳ ಅಲ್ಲಲ್ಲಿ ತಪ್ಪುತ್ತದೆ. ಕೆಲವು ದನಿಗಳು ಶ್ರುತಿಯಿಂದ ಜಾರುತ್ತವೆ. ಯಾರೂ ಅದನ್ನು ತಿದ್ದಿಲ್ಲ. ಪದಗಳನ್ನೂ ತೊಳೆದಿಲ್ಲ.

ಹಾಡಿನ ವಸ್ತು ದೊಡ್ಡವರದಾಗಿದ್ದರೂ ಮಕ್ಕಳಿಗೆ ಅದು ಹೊರೆಯಾಗಲಿಲ್ಲ ಏಕೆ? ಉತ್ತರ ಆ ಕಲಿಕೆಯ ವ್ಯವಸ್ಥೆಯಲ್ಲಿದೆ. ಅಲ್ಲಿ ಬಹುಪಾಲು ಹಾಡುತ್ತಿದ್ದುದು ಗುಂಪು. ಯಾವ ಮಗುವೂ ಸೋಲುವ ಭಯದಲ್ಲಿರಲಿಲ್ಲ. ವೇಗವನ್ನೂ ವಾದ್ಯವನ್ನೂ ಶಿಕ್ಷಕ ಮಕ್ಕಳಿಗೆ ಹೊಂದಿಸಿದ್ದರು. ಕೊಳ್ಳುವ ಗ್ರಾಹಕರಿರಲಿಲ್ಲ, ಅಂಕ ಕೊಡುವ ತೀರ್ಪುಗಾರರಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೊಂದು ಬ್ರಿಟನ್ನಿನಲ್ಲಿ ದೊರೆಯುತ್ತದೆ. 1982ರ ನವೆಂಬರ್‌ನಲ್ಲಿ ಆರಂಭವಾದ ಚಾನೆಲ್ 4 ಮರುವರ್ಷವೇ ‘ಮಿನಿಪಾಪ್ಸ್’ ಎಂಬ ಕಾರ್ಯಕ್ರಮ ಪ್ರಸಾರ ಮಾಡಿತು. ಪುಟ್ಟ ಮಕ್ಕಳು ಖ್ಯಾತ ಗಾಯಕ-ಗಾಯಕಿಯರಂತೆ ವೇಷ ತೊಟ್ಟು, ಬಣ್ಣ ಬಳಿದುಕೊಂಡು, ಅವರದೇ ಹಾವಭಾವದಲ್ಲಿ ಹಾಡುವುದು ಅದರ ಆಕರ್ಷಣೆ. ಮಕ್ಕಳು ಖುಷಿಯಾಗಿ ನೋಡಿದರು. ದೊಡ್ಡವರಿಗೆ ಆ ದೃಶ್ಯ ಅಸಹನೀಯವೆನಿಸಿತು. ಹಸುಳೆಗಳನ್ನು ಕಾಮನೆಯ ಭಂಗಿಯಲ್ಲಿ ನಿಲ್ಲಿಸಲಾಗಿದೆ ಎಂಬ ಟೀಕೆಗಳ ಸುರಿಮಳೆಯಾಗಿ ಕಾರ್ಯಕ್ರಮ ಮುಂದುವರಿಯಲಿಲ್ಲ. ನಾಲ್ಕು ದಶಕ ಕಳೆದರೂ ಮಕ್ಕಳ ಕಾರ್ಯಕ್ರಮ ಹೇಗಿರಬಾರದು ಎಂಬುದಕ್ಕೆ ಅಲ್ಲಿ ಅದರ ಹೆಸರು ಪ್ರಸ್ತಾಪವಾಗುತ್ತದೆ. ಆದರೆ ಕೆನಡಾದಲ್ಲಿ ಅದೇ ಹೆಸರಿನ ಧ್ವನಿಮುದ್ರಿಕೆಗಳು ಜನಪ್ರಿಯವಾದವು. 2004ರಲ್ಲಿ ಅಲ್ಲಿ ‘ಮಿನಿ ಪಾಪ್ ಕಿಡ್ಸ್’ ಎಂಬ ಹೊಸ ರೂಪದಲ್ಲಿ ಮರಳಿ ಬಂದಿತು. ವೇಷ ಕಣ್ಣಿಗೆ ಕಾಣದಿದ್ದಾಗ, ದನಿಯ ವೇಷ ಯಾರನ್ನೂ ಕಾಡಲಿಲ್ಲ.

ಕನ್ನಡದ ಕಿರುತೆರೆಯಲ್ಲಿ

ಭಾರತದಲ್ಲಿ ಜನಪ್ರಿಯ ಗೀತೆಯೆಂದರೆ ಚಿತ್ರಗೀತೆ. ಅದನ್ನು ಮತ್ತೊಬ್ಬರ ದನಿಯಲ್ಲಿ ಹಾಡಿಸಿ ಮಾರುವ ವ್ಯವಹಾರವೂ ಇಲ್ಲಿ ಹೊಸದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿದ್ದ ಅವಕಾಶವನ್ನು ಬಳಸಿಕೊಂಡು, ಹಳೆಯ ಹಿಂದಿ ಹಾಡುಗಳನ್ನು ಹೊಸ ಗಾಯಕರಿಂದ ಹಾಡಿಸಿ ಅಗ್ಗದ ಕ್ಯಾಸೆಟ್ಟುಗಳಲ್ಲಿ ಮಾರಿದ್ದು 1980ರ ದಶಕದಲ್ಲಿ ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಬೆಳವಣಿಗೆಗೆ ಒಂದು ಮುಖ್ಯ ಕಾರಣ. 2012ರ ತಿದ್ದುಪಡಿಯಲ್ಲಿ ಸೇರಿದ 31ಸಿ ಕಲಮು ಈ ಅವಕಾಶವನ್ನು ಬಿಗಿಗೊಳಿಸಿತು. ಮೊದಲ ಧ್ವನಿಮುದ್ರಣದ ವರ್ಷ ಮುಗಿದ ಮೇಲೆ ಐದು ವರ್ಷ ಕಳೆಯಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಗೌರವಧನ ಕಟ್ಟಬೇಕು, ತಾಂತ್ರಿಕವಾಗಿ ಅಗತ್ಯವಿರುವುದರ ಹೊರತು ಸಾಹಿತ್ಯ-ಸಂಗೀತವನ್ನು ಬದಲಿಸಬಾರದು ಎಂಬ ಷರತ್ತುಗಳನ್ನು ಹಾಕಿತು. ಇಷ್ಟೆಲ್ಲ ನಿರ್ಬಂಧಗಳ ನಡುವೆ, ಈ ವರ್ಷದ ಜನಪ್ರಿಯ ಗೀತೆಯನ್ನು ಇದೇ ವರ್ಷ ಪದ ಬದಲಿಸಿ ಮಾರುವ ಅಮೆರಿಕದ ಮಾದರಿ ಈ ಕಲಮಿನ ನೆರಳಿನಲ್ಲಿ ಬೆಳೆಯಲಾರದು.

ಅದರ ಜಾಗವನ್ನು ಇಲ್ಲಿ ತುಂಬಿದ್ದು ಟಿವಿ. ಝೀ ವಾಹಿನಿಯ ಹಿಂದಿ ‘ಸರೆಗಮಪ’ 1995ರಲ್ಲಿ ಆರಂಭವಾಗಿ, 2006ರಲ್ಲಿ ‘ಲಿಟ್ಲ್ ಚಾಂಪ್ಸ್’ ಎಂಬ ಮಕ್ಕಳ ಸರಣಿಯನ್ನು ಹೆತ್ತಿತು. ಕನ್ನಡದಲ್ಲಿ ಝೀ ವಾಹಿನಿ ಅದೇ ಹೆಸರನ್ನು ತಂದಿತು. ಅದೇ ದಶಕದಲ್ಲಿ, ಇಂದು ಕಲರ್ಸ್ ಕನ್ನಡವಾಗಿರುವ ಅಂದಿನ ಈಟಿವಿ ವಾಹಿನಿಯಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ ಕನ್ನಡದ ಮನೆಮಾತಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡಾಗ ನಾಡು ನೆನೆದದ್ದು ಸಾವಿರಾರು ಹಾಡುಗಳನ್ನಷ್ಟೇ ಅಲ್ಲ, ಮುಂದೆ ನಿಂತ ಮಗುವನ್ನು ಗದರಿಸದೆ ತಿದ್ದುತ್ತಿದ್ದ ಆ ರೀತಿಯನ್ನೂ ಕೂಡ.

ಈ ಕಾರ್ಯಕ್ರಮಗಳ ಉಪಕಾರವನ್ನು ಮರೆಯುವುದು ಅನ್ಯಾಯ. ಸಂಗೀತ ಶಾಲೆಯಿಲ್ಲದ ಊರುಗಳ, ಗುರುದಕ್ಷಿಣೆ ಭರಿಸಲಾಗದ ಮನೆಗಳ ಮಕ್ಕಳು ಇವುಗಳಿಂದ ಬೆಳಕಿಗೆ ಬಂದಿದ್ದಾರೆ. ಸುನಿಧಿ ಚೌಹಾಣ್ ದೂರದರ್ಶನದ ಸ್ಪರ್ಧೆಯೊಂದನ್ನು ಗೆದ್ದು ಹೊರಬಂದದ್ದು ಬಾಲ್ಯದಲ್ಲಿ. ಶ್ರೇಯಾ ಘೋಷಾಲ್ ‘ಸರೆಗಮಪ’ದ ಮಕ್ಕಳ ವಿಶೇಷ ಸಂಚಿಕೆಯಲ್ಲಿ ಗೆದ್ದವರು. 2006ರ ‘ಮುಂಗಾರು ಮಳೆ’ಯಲ್ಲಿ ಈ ಇಬ್ಬರ ದನಿಯೂ ಇದೆ. ಸ್ಪರ್ಧೆಯಿಲ್ಲದಿದ್ದರೆ ಈ ಕಂಠಗಳು ಇಷ್ಟು ಬೇಗ ಕೇಳಿಸುತ್ತಿದ್ದವೇ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ.

ಆದರೆ ಅಳತೆಯ ಪ್ರಶ್ನೆ ಇಲ್ಲಿ ಅಮೆರಿಕಕ್ಕಿಂತ ತೀವ್ರವಾಗಿದೆ. ಇಲ್ಲಿ ಪದಗಳನ್ನು ತೊಳೆಯುವ ಗೋಜೂ ಇಲ್ಲ. ನಾಯಕ-ನಾಯಕಿಯರಿಗಾಗಿ ಬರೆದ ಪ್ರಣಯ, ವಿರಹ, ಮೋಹದ ಗೀತೆಗಳನ್ನು ಮಕ್ಕಳು ಇದ್ದಂತೆಯೇ ಹಾಡುತ್ತಾರೆ. ಮೂಲ ಗಾಯಕರ ಗಮಕ, ಉಸಿರು, ನಗು, ಬಿಕ್ಕು ಎಲ್ಲವನ್ನೂ ಯಥಾವತ್ತಾಗಿ ಒಪ್ಪಿಸಿದಾಗ ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ‘ಭಾವ ತುಂಬಿ ಹಾಡಿದೆ’ ಎಂಬುದು ಅಲ್ಲಿ ದೊರೆಯುವ ದೊಡ್ಡ ಪ್ರಶಂಸೆ. ಒಂಬತ್ತರ ಮಗು ತಾನು ಕಾಣದ ಭಾವವನ್ನು ತುಂಬಿತು ಎಂದರೆ, ಮತ್ತೊಬ್ಬರು ತುಂಬಿದ್ದನ್ನು ಚೆನ್ನಾಗಿ ನಕಲು ಮಾಡಿತು ಎಂದೇ ಅರ್ಥ. ಮಗುವಿನ ಗ್ರಹಣಶಕ್ತಿಗೆ ಅದು ಸಾಕ್ಷಿಯಾಗಬಹುದು. ಆದರೆ ಆ ಮಗು ಹೇಗೆ ಹಾಡುತ್ತದೆ ಎಂಬುದು ಅಲ್ಲಿ ಯಾರಿಗೂ ತಿಳಿಯುವುದಿಲ್ಲ, ಮಗುವಿಗೂ ಕೂಡ.

ದೇಹದ ಮಿತಿಯೂ ಇದೆ. ಮಕ್ಕಳ ಧ್ವನಿತಂತುಗಳು ದೊಡ್ಡವರವಕ್ಕಿಂತ ಗಿಡ್ಡ, ಎಳಸು. ಹದಿಹರೆಯ ಮುಗಿಯುವವರೆಗೂ ಅವುಗಳ ರಚನೆ ಮಾಗುತ್ತಲೇ ಇರುತ್ತದೆ. ದೊಡ್ಡವರ ಕಂಠಕ್ಕೆ ಹೊಂದಿಸಿದ ಶ್ರುತಿಯಲ್ಲಿ, ತುಂಬು ವಾದ್ಯಗೋಷ್ಠಿಯನ್ನು ಮೀರಿ ಕೇಳುವಂತೆ ದಿನಗಟ್ಟಲೆ ತಾಲೀಮು ನಡೆಸುವುದು ಆ ಎಳೆಯ ತಂತುಗಳಿಗೆ ದಣಿವು. ಹುಡುಗರ ದನಿ ಒಡೆಯುವ ಹಂತದಲ್ಲಂತೂ ಇದು ಇನ್ನಷ್ಟು ಸೂಕ್ಷ್ಮ. ಸ್ಪರ್ಧೆಯ ವೇಳಾಪಟ್ಟಿ ಆ ಬದಲಾವಣೆಗಾಗಿ ಕಾಯುವುದಿಲ್ಲ.

ಕಾನೂನಿನ ಕಣ್ಣು ಎಲ್ಲಿದೆ?

ಮಕ್ಕಳ ದುಡಿಮೆಯ ದೃಷ್ಟಿಯಿಂದ ಕಾನೂನು ಪೂರ್ತಿ ಮೌನವಾಗಿಲ್ಲ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿಯಾದಾಗ 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ದೃಶ್ಯ-ಶ್ರವ್ಯ ಮನರಂಜನೆಯ ಬಾಲಕಲಾವಿದರಿಗೆ ಷರತ್ತಿನ ವಿನಾಯಿತಿ ಕೊಡಲಾಯಿತು. 2017ರ ನಿಯಮಗಳ ಪ್ರಕಾರ ಇಂತಹ ಮಕ್ಕಳು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಸತತ 27 ದಿನಗಳಿಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಮಗುವಿನ ಗಳಿಕೆಯ ಕನಿಷ್ಠ ಶೇ 20ರಷ್ಟನ್ನು ಅದರ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. 1939ರಲ್ಲೇ ಬಾಲನಟ ಜಾಕಿ ಕೂಗನ್ ಪ್ರಕರಣದಿಂದ ಪಾಠ ಕಲಿತು ಕಾಯ್ದೆ ರೂಪಿಸಿದ ಕ್ಯಾಲಿಫೋರ್ನಿಯಾದಲ್ಲಿ ಈ ಪ್ರಮಾಣ ಶೇ 15. ಕಾಗದದ ಮೇಲೆ ಭಾರತದ ನಿಯಮ ಇನ್ನೂ ಕಟ್ಟುನಿಟ್ಟು.

ಆದರೆ ಈ ನಿಯಮಗಳ ಕಣ್ಣು ಚಿತ್ರೀಕರಣದ ಜಾಗದ ಮೇಲಿದೆ. ಸ್ಪರ್ಧೆಗೆ ಮುನ್ನ ಮನೆಯಲ್ಲಿ ನಡೆಯುವ ಗಂಟೆಗಟ್ಟಲೆ ತಾಲೀಮು ಯಾವ ಲೆಕ್ಕಕ್ಕೂ ಬರುವುದಿಲ್ಲ. 14 ದಾಟಿದ, ದನಿ ಒಡೆಯುತ್ತಿರುವ ವಯಸ್ಸಿನ ಸ್ಪರ್ಧಿಗಳು ಈ ಷರತ್ತುಗಳ ಆಚೆಗೆ ಉಳಿಯುತ್ತಾರೆ. ಮನೆಯ ಮೊಬೈಲಿನಲ್ಲಿ ಮಗುವಿನ ಹಾಡು ಚಿತ್ರೀಕರಿಸಿ ಯೂಟ್ಯೂಬ್‌ಗೆ ಏರಿಸುವ ಪೋಷಕರು ತಮ್ಮನ್ನು ನಿರ್ಮಾಪಕರೆಂದು ಭಾವಿಸುವುದೂ ಇಲ್ಲ. 2007ರಲ್ಲಿ ತಾಯಿ ಏರಿಸಿದ ಇಂತಹ ವಿಡಿಯೊಗಳಿಂದಲೇ ಕೆನಡಾದ ಜಸ್ಟಿನ್ ಬೀಬರ್ ಜಗತ್ಪ್ರಸಿದ್ಧನಾದದ್ದು ಎಲ್ಲೆಡೆಯ ಪೋಷಕರ ಕನಸಿಗೆ ನೀರೆರೆಯಿತು. ಅದೇ ಯೂಟ್ಯೂಬ್ 2019ರ ಫೆಬ್ರುವರಿಯಲ್ಲಿ, ಚಿಕ್ಕ ಮಕ್ಕಳ ವಿಡಿಯೊಗಳ ಕೆಳಗೆ ವಿಕೃತ ಟಿಪ್ಪಣಿಗಳು ಕಂಡುಬಂದ ಕಾರಣ, ಅಂತಹ ಬಹುತೇಕ ವಿಡಿಯೊಗಳಿಗೆ ಪ್ರತಿಕ್ರಿಯೆಯ ಅವಕಾಶವನ್ನೇ ಮುಚ್ಚಬೇಕಾಯಿತು.

ವಿಷಯದ ಔಚಿತ್ಯದ ಬಗ್ಗೆ ಸರ್ಕಾರ ಮಾತನಾಡಿದ್ದು 2019ರ ಜೂನ್‌ನಲ್ಲಿ. ಚಲನಚಿತ್ರಗಳಲ್ಲಿ ವಯಸ್ಕರು ಮಾಡಿದ ನೃತ್ಯದ ಭಂಗಿಗಳನ್ನು ರಿಯಾಲಿಟಿ ಕಾರ್ಯಕ್ರಮಗಳಲ್ಲಿ ಪುಟ್ಟ ಮಕ್ಕಳಿಂದ ಮಾಡಿಸಲಾಗುತ್ತಿದೆ, ಅವು ವಯಸ್ಸಿಗೆ ತಕ್ಕುದಲ್ಲ, ಮಕ್ಕಳ ಮೇಲೆ ದುಷ್ಪರಿಣಾಮ ಬೀರಬಹುದು ಎಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಖಾಸಗಿ ವಾಹಿನಿಗಳಿಗೆ ಸಲಹೆ ಕಳುಹಿಸಿತು. ಅದಕ್ಕೆ ಎರಡು ವರ್ಷ ಮೊದಲೇ, 2017ರಲ್ಲಿ, ಚಿತ್ರ ನಿರ್ದೇಶಕ ಶೂಜಿತ್ ಸರ್ಕಾರ್ ಮಕ್ಕಳ ರಿಯಾಲಿಟಿ ಕಾರ್ಯಕ್ರಮಗಳನ್ನೇ ನಿಷೇಧಿಸುವಂತೆ ಬಹಿರಂಗವಾಗಿ ಕೋರಿದ್ದರು. ಸಚಿವಾಲಯದ ಸಲಹೆ ಎತ್ತಿಹೇಳಿದ್ದು ನೃತ್ಯವನ್ನು. ಬ್ರಿಟನ್ನಿನ ಮಿನಿಪಾಪ್ಸ್‌ನಲ್ಲಿ ಆದಂತೆಯೇ ಇಲ್ಲಿಯೂ ಕಣ್ಣಿಗೆ ಕಂಡದ್ದು ಭಂಗಿ ಮಾತ್ರ. ಅದೇ ಹಾಡನ್ನು ನಿಂತು ಹಾಡಿದ ಮಗುವಿನ ಬಗ್ಗೆ ಯಾರೂ ಆಕ್ಷೇಪವೆತ್ತಲಿಲ್ಲ.

ನಾಡಿಗೆ ಗೊತ್ತಿದ್ದ ಅಳತೆ

ದೊಡ್ಡವರ ಹಾಡು ಮಕ್ಕಳ ಬಾಯಿಗೆ ಬರಲೇಬಾರದು ಎಂಬ ನಿಲುವು ಕರ್ನಾಟಕದ ಪರಂಪರೆಗೆ ಒಪ್ಪುವುದಿಲ್ಲ. ಭಜನೆಯ ಮನೆಗಳಲ್ಲಿ ಮಕ್ಕಳು ದಾಸರ ಪದಗಳನ್ನು ಅರ್ಥ ತಿಳಿಯದೆಯೇ ಹಾಡುತ್ತ ಬೆಳೆದಿದ್ದಾರೆ. ಬೀಸುವ ಕಲ್ಲಿನ ಪಕ್ಕದಲ್ಲಿ ಕುಳಿತ ಹೆಣ್ಣುಮಕ್ಕಳ ಕಿವಿಗೆ ತವರಿನ ಹಂಬಲದ ತ್ರಿಪದಿಗಳು ಬಿದ್ದಿವೆ. ಅರ್ಥ ನಿಧಾನವಾಗಿ, ಬದುಕಿನ ಜೊತೆಗೆ ಬಂದು ಸೇರಿಕೊಳ್ಳುತ್ತದೆ ಎಂಬ ನಂಬಿಕೆ ಅಲ್ಲಿತ್ತು. ಅವಸರವಿರಲಿಲ್ಲ.

ಆದರೆ ಕಲಿಕೆಯ ವಿಷಯ ಬಂದಾಗ ಇದೇ ಪರಂಪರೆ ಅಳತೆಯನ್ನು ಬಹಳ ಜಾಗರೂಕತೆಯಿಂದ ನಿಗದಿಪಡಿಸಿತ್ತು. ಕರ್ನಾಟಕ ಸಂಗೀತದ ಪಿತಾಮಹರೆಂದು ಗೌರವಿಸಲ್ಪಡುವ ಪುರಂದರದಾಸರೇ ಆರಂಭಿಕ ಪಾಠಕ್ರಮವನ್ನು ಹಾಕಿಕೊಟ್ಟರೆಂದು ಪ್ರತೀತಿ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ ವರಸೆ, ಅಲಂಕಾರ. ಆಮೇಲೆ ಮಲಹರಿಯಲ್ಲಿ ಪಿಳ್ಳಾರಿ ಗೀತೆ. ವರ್ಣ, ಕೃತಿಗಳು ಬಹಳ ಮುಂದೆ. ಎಳೆಯ ಕಂಠ ಒಂದೊಂದೇ ಮೆಟ್ಟಿಲು ಏರಬೇಕೆಂಬ ವಿವೇಕ ಅಲ್ಲಿದೆ.

ಮಕ್ಕಳಿಗಾಗಿಯೇ ಹಾಡು ಬರೆಯುವ ಘನತೆಯೂ ಕನ್ನಡಕ್ಕಿತ್ತು. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ತಮ್ಮ ಪ್ರತಿಭೆಯ ಉತ್ತಮಾಂಶವನ್ನು ಮಕ್ಕಳಿಗೆ ಕೊಟ್ಟರು. 1993ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಚಿನ್ನಾರಿ ಮುತ್ತ’ ಚಿತ್ರಕ್ಕೆ ಎಚ್.ಎಸ್. ವೆಂಕಟೇಶಮೂರ್ತಿ ಹಾಡು ಬರೆದರು, ಸಿ. ಅಶ್ವತ್ಥ್ ಸಂಗೀತ ನೀಡಿದರು. ಆ ಹಾಡುಗಳು ಜನಪ್ರಿಯವೂ ಆದವು, ಮಕ್ಕಳವೂ ಆಗಿದ್ದವು. ಮಕ್ಕಳ ಶಾಲಾ ವಾರ್ಷಿಕೋತ್ಸವಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಜನಪ್ರಿಯತೆ ಮತ್ತು ಬಾಲ್ಯ ಒಟ್ಟಿಗೆ ಇರಲಾರವೆಂಬ ವಾದಕ್ಕೆ ಅವು ಉತ್ತರ. ವೆಂಕಟೇಶಮೂರ್ತಿ 2025ರಲ್ಲಿ ಅಗಲಿದರು. ಮಕ್ಕಳಿಗಾಗಿ ಅಂತಹ ಹಾಡು ಬರೆಸುವ ಬೇಡಿಕೆ ಚಿತ್ರರಂಗದಲ್ಲೂ ಕಿರುತೆರೆಯಲ್ಲೂ ಅದಕ್ಕೂ ಮೊದಲೇ ಕ್ಷೀಣಿಸಿತ್ತು. ಹಾಡುವ ಮಕ್ಕಳ ಸಂಖ್ಯೆ ಏರುತ್ತಿರುವಾಗ ಮಕ್ಕಳ ಹಾಡುಗಳು ವಿರಳವಾಗುತ್ತಿರುವುದು ಈ ಹೊತ್ತಿನ ವಿಪರ್ಯಾಸ.

ಪರಿಹಾರ ನಿಷೇಧದಲ್ಲಿಲ್ಲ. ವಾಹಿನಿಗಳು ಮನಸ್ಸು ಮಾಡಿದರೆ ಆಗುವ ಕೆಲಸಗಳು ಹಲವು. ಮಗುವಿನ ಕಂಠಕ್ಕೆ ತಕ್ಕಂತೆ ಶ್ರುತಿ, ವೇಗ ಬದಲಿಸಬಹುದು. ಕನ್ನಡದ ಮಕ್ಕಳ ಕವಿತೆಗಳಿಗೆ ಹೊಸ ರಾಗ ಹಾಕಿಸಿ ಪ್ರತಿ ಸರಣಿಯಲ್ಲಿ ಕೆಲವು ಸುತ್ತುಗಳನ್ನಾದರೂ ಅವಕ್ಕೆ ಮೀಸಲಿಡಬಹುದು. ವಾರಕ್ಕೊಂದು ಮಗುವನ್ನು ಕಣ್ಣೀರಿನೊಂದಿಗೆ ಮನೆಗೆ ಕಳುಹಿಸುವ ಪದ್ಧತಿ ಬಿಟ್ಟು ವೃಂದಗಾನಕ್ಕೆ ಜಾಗ ಕೊಡಬಹುದು. ತಾಲೀಮಿನ ಅವಧಿಯನ್ನೂ ದುಡಿಮೆಯ ಲೆಕ್ಕಕ್ಕೆ ಸೇರಿಸುವಂತೆ ನಿಯಮಗಳನ್ನು ತಿದ್ದುವುದು ಸರ್ಕಾರದ ಪಾಲಿನ ಕೆಲಸ. ಶಾಲೆಗಳಿಗೆ ಲ್ಯಾಂಗ್ಲಿಯ ಮಾದರಿ ಇದೆ. ಅದಕ್ಕೆ ಬೇಕಾದದ್ದು ಒಬ್ಬ ಉತ್ಸಾಹಿ ಶಿಕ್ಷಕ, ನಾಲ್ಕಾರು ವಾದ್ಯ, ಒಂದು ಖಾಲಿ ಕೋಣೆ.

ಪೋಷಕರ ಪಾಲಿಗೆ ಉಳಿಯುವುದು ಒಂದು ಸರಳ ಪರೀಕ್ಷೆ. ಕ್ಯಾಮೆರಾ ಇಲ್ಲದಾಗ, ಅಂಕವಿಲ್ಲದಾಗ, ಯಾರೂ ಕೇಳುತ್ತಿಲ್ಲವೆಂದು ತಿಳಿದಾಗ ಮಗು ಯಾವ ಹಾಡು ಗುನುಗುತ್ತದೆ, ಯಾವ ಶ್ರುತಿಯಲ್ಲಿ ಗುನುಗುತ್ತದೆ ಎಂಬುದನ್ನು ಗಮನಿಸಿದರೆ ಸಾಕು. ಅದು ಚಿತ್ರಗೀತೆಯೇ ಆಗಿರಬಹುದು, ಪದಗಳು ಅರ್ಧಂಬರ್ಧ ಇರಬಹುದು, ತಾಳ ತಪ್ಪಿರಲೂಬಹುದು. ಆದರೆ ಅಲ್ಲಿ ಹಾಡು ಮಗುವಿನ ಅಳತೆಯಲ್ಲಿರುತ್ತದೆ. ವೇದಿಕೆ ಏರಿಸುವ ಮುನ್ನ ದೊಡ್ಡವರು ಒಮ್ಮೆ ಕೇಳಿಸಿಕೊಳ್ಳಬೇಕಾದದ್ದು ಆ ದನಿಯನ್ನು.